ತಂತಿಯಿದೆ, ವೈರಿಲ್ಲ

ಸಂಗೀತದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಮಗೆ ಚೆನ್ನಾಗಿ ಕೇಳಿಸಿದ್ದರ ಬಗ್ಗೆ ಬರೆಯುತ್ತಾರೆ. ನಾವು ಈ ಸಲ ಅರ್ಧ ಮಾತ್ರ ಕೇಳಿಸುವ ಒಂದು ವಾದ್ಯದ ಬಗ್ಗೆ ಬರೆಯಲು ಹೊರಟಿದ್ದೇವೆ. ಅಮೆರಿಕದ ಕೌಂಟ್ ಬೇಸಿಯವರ ಜಾಝ್ ವಾದ್ಯವೃಂದದಲ್ಲಿ ಫ್ರೆಡ್ಡಿ ಗ್ರೀನ್ ಎಂಬ ಕಪ್ಪುಜನಾಂಗದ ಗಿಟಾರ್ ವಾದಕರಿದ್ದರು. 1937ರಲ್ಲಿ ವೃಂದ ಸೇರಿದ ಅವರು 1987ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ಸರಿಸುಮಾರು 50 ವರ್ಷ, ಅಲ್ಲೇ ಕುಳಿತು ನುಡಿಸಿದರು. 1984ರಲ್ಲಿ ಬೇಸಿಯವರೇ ಹೋದರು. ಗ್ರೀನ್ ತಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಹಿಂದೆ ಟ್ರಂಪೆಟ್, ಟ್ರಾಂಬೋನ್, ಮುಂದೆ ಸ್ಯಾಕ್ಸೋಫೋನ್‌ಗಳ ಸಾಲು, ಪಕ್ಕದಲ್ಲೇ ಡ್ರಮ್ಸ್. ಇಷ್ಟೆಲ್ಲದರ ನಡುವೆ ಅವರ ಕೈಯಲ್ಲಿದ್ದದ್ದು ಪಿಕಪ್ ಇಲ್ಲದ, ಆಂಪ್ಲಿಫೈಯರಿಗೆ ಜೋಡಿಸದ ಒಂದು ಮರದ ಗಿಟಾರ್. ಅವರು ಸೋಲೋ ನುಡಿಸಿದ್ದೂ ತೀರಾ ಅಪರೂಪ. ಹಾಗಾದರೆ 50 ವರ್ಷ ಈ ಮನುಷ್ಯ ಮಾಡಿದ್ದೇನು? ಕೇಳಿಸದ ವಾದ್ಯವನ್ನು ನುಡಿಸುವುದರಲ್ಲಿ ಎಂಥ ಸುಖವಿದೆ?

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ ಗಿಟಾರ್ ಕಲಿಸುವ ನಮ್ಮ ಸೋದರಳಿಯನ ಮನೆಯಲ್ಲಿ. ಅವನ ಬಳಿ ಹಳೆಯದೊಂದು ಆರ್ಚ್‌ಟಾಪ್ ಗಿಟಾರ್ ಇದೆ. ನುಡಿಸುವ ಮುನ್ನ, "ಮಾಮೂ, ಸ್ವಲ್ಪ ಫ್ಯಾನ್ ಆರಿಸಿ" ಎಂದ. ಬೇಸಿಗೆಯ ದಿನ. ನಾವು ಗೊಣಗುತ್ತಲೇ ಆರಿಸಿದೆವು. ಫ್ಯಾನು ನಿಂತ ಮೇಲೆ ಬೀದಿಯ ಸದ್ದು ಬಂತು, ಕಿಟಕಿ ಮುಚ್ಚಿದೆವು. ಆಮೇಲೆ ಅವನು ಮೀಟಿದ. ಮೊದಲು ಅನ್ನಿಸಿದ್ದು, ಇಷ್ಟೇನಾ ಎಂದು. ಐದು ನಿಮಿಷವಾದ ಮೇಲೆ ಆ ಕೋಣೆ ಬೇರೆಯೇ ಆಗಿತ್ತು. ಪ್ಲಗ್ಗು ಚುಚ್ಚಿದ ಗಿಟಾರನ್ನು ಅದೇ ಕೋಣೆಯಲ್ಲಿ ಹಲವು ಸಲ ಕೇಳಿದ್ದೆವು. ಅದು ನಮ್ಮನ್ನು ಹುಡುಕಿಕೊಂಡು ಬರುತ್ತಿತ್ತು. ಇದನ್ನು ನಾವೇ ಹುಡುಕಿಕೊಂಡು ಹೋಗಬೇಕಾಯಿತು.

ಆರ್ಚ್‌ಟಾಪ್ ಎಂದರೆ ಕಮಾನು ಮುಖದ ಗಿಟಾರ್. ನಾವು ಹೆಚ್ಚಾಗಿ ನೋಡುವ ಗಿಟಾರಿನ ಮುಖ ಸಪಾಟಾದ ತೆಳು ಹಲಗೆ, ನಡುವೆ ದುಂಡನೆಯ ತೂತು. ಅದರ ಕುದುರೆಯನ್ನು ಹಲಗೆಗೇ ಅಂಟಿಸಿರುತ್ತಾರೆ. ತಂತಿಗಳ ತುದಿ ಅಲ್ಲೇ ಬಿಗಿದಿರುತ್ತದೆ. ಆರ್ಚ್‌ಟಾಪ್ ಹಾಗಲ್ಲ. ದಪ್ಪನೆಯ ಸ್ಪ್ರೂಸ್ ಮರವನ್ನು ಪಿಟೀಲಿನ ಮುಖದಂತೆ ಒಳಗೂ ಹೊರಗೂ ಕೆತ್ತಿ, ನಡುವೆ ಉಬ್ಬಿರುವಂತೆ, ಅಂಚಿನ ಕಡೆಗೆ ತೆಳುವಾಗುವಂತೆ ಮಾಡುತ್ತಾರೆ. ಬೆನ್ನು ಮತ್ತು ಪಕ್ಕೆಗಳಿಗೆ ಮೇಪಲ್ ಮರ. ದುಂಡು ತೂತಿನ ಬದಲು ಪಿಟೀಲಿನಲ್ಲಿರುವ ಹಾಗೆ ಎರಡು ಬಾಗಿದ ಸೀಳುಗಳು. ತಂತಿಗಳು ಕುದುರೆಯ ಮೇಲೆ ಹಾದು, ಬುಡದಲ್ಲಿರುವ ಟೇಲ್‌ಪೀಸ್ ಎಂಬ ಹಿಡಿಕೆಗೆ ಕಟ್ಟಿಕೊಳ್ಳುತ್ತವೆ. ಕುದುರೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ; ತಂತಿಗಳ ಒತ್ತಡವೇ ಅದನ್ನು ನಿಲ್ಲಿಸಿದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಕಳಚಿ ಕೈಗೆ ಬರುತ್ತದೆ. ಸಪಾಟು ಗಿಟಾರಿನಲ್ಲಿ ತಂತಿ ಮುಖವನ್ನು ಎಳೆಯುತ್ತದೆ, ಇಲ್ಲಿ ಅದುಮುತ್ತದೆ. ಹಾಗಾಗಿ ಇದರ ಸ್ವರ ಥಟ್ಟನೆ ಹುಟ್ಟುತ್ತದೆ, ನೆಟ್ಟಗೆ ಮುಂದಕ್ಕೆ ಹೋಗುತ್ತದೆ, ಬೇಗನೆ ಆರಿಹೋಗುತ್ತದೆ.

ಈ ವಾದ್ಯದ ಚರಿತ್ರೆಯಲ್ಲಿ ಒಂದು ವಿಪರ್ಯಾಸವಿದೆ. ಇಂದು ಮೆಲುದನಿಯ ವಾದ್ಯವೆಂದು ಕೆಲವರು ಎದೆಗಪ್ಪಿಕೊಳ್ಳುವ ಆರ್ಚ್‌ಟಾಪ್ ಬೆಳೆದದ್ದು ದೊಡ್ಡ ದನಿಗಾಗಿಯೇ. ಮಿಶಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಆರ್ವಿಲ್ ಗಿಬ್ಸನ್ 1890ರ ದಶಕದಲ್ಲೇ ಕೆತ್ತಿದ ಮುಖದ ಮ್ಯಾಂಡೋಲಿನ್, ಗಿಟಾರ್‌ಗಳನ್ನು ಮಾಡುತ್ತಿದ್ದ. 1902ರಲ್ಲಿ ಅವನ ಹೆಸರಿನ ಕಂಪೆನಿ ಹುಟ್ಟಿತು. ಅಲ್ಲಿ 1919ರಿಂದ 1924ರವರೆಗೆ ದುಡಿದ ಲಾಯ್ಡ್ ಲೋರ್ ಕಾಲದಲ್ಲಿ, 1922ರಲ್ಲಿ, ಪಿಟೀಲಿನ ಸೀಳುಗಳಿರುವ ಎಲ್-5 ಗಿಟಾರ್ ಬಂತು. ಆಗ ಕುಣಿತದ ಬ್ಯಾಂಡುಗಳಲ್ಲಿ ತಾಳ ಹಿಡಿಯುತ್ತಿದ್ದದ್ದು ಬ್ಯಾಂಜೊ. ಹಿತ್ತಾಳೆ ವಾದ್ಯಗಳ ನಡುವೆ ಸಾಮಾನ್ಯ ಗಿಟಾರ್ ಮುಳುಗಿಹೋಗುತ್ತಿತ್ತು. ಎಲ್-5 ಮುಳುಗಲಿಲ್ಲ. 1925ರ ನಂತರ ಮೈಕ್ರೋಫೋನಿನ ಮೂಲಕ ಧ್ವನಿಮುದ್ರಣ ಶುರುವಾದ ಮೇಲೆ ಬ್ಯಾಂಜೊದ ಕಾಲ ಮುಗಿಯುತ್ತ ಬಂತು. ಮುಂದೆ ಗಾತ್ರದ ಪೈಪೋಟಿ ನಡೆಯಿತು. 16 ಅಂಗುಲ ಅಗಲವಿದ್ದ ಎಲ್-5, 17 ಅಂಗುಲವಾಯಿತು. 1934ರಲ್ಲಿ 18 ಅಂಗುಲದ ಸೂಪರ್ 400 ಬಂತು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಅದರ ಬೆಲೆ 400 ಡಾಲರ್. ಹೆಸರು ಬಂದದ್ದೇ ಬೆಲೆಯಿಂದ. ಬಾಸ್ಟನ್ನಿನ ಸ್ಟ್ರಾಂಬರ್ಗ್ ತಂದೆ ಮಗ 19 ಅಂಗುಲದ ಮಾಸ್ಟರ್ 400 ಮಾಡಿದರು. ಫ್ರೆಡ್ಡಿ ಗ್ರೀನ್ ಬಹುಕಾಲ ನುಡಿಸಿದ್ದು ಸ್ಟ್ರಾಂಬರ್ಗನ್ನೇ.

ಇವುಗಳನ್ನು ಮಾಡಿದವರು ಯಾರು ಎಂಬುದನ್ನೂ ನೋಡಬೇಕು. ಎಪಿಫೋನ್ ಕಂಪೆನಿಯನ್ನು ಕಟ್ಟಿದ್ದು ಆಟೋಮನ್ ಸಾಮ್ರಾಜ್ಯದ ಸ್ಮಿರ್ನಾದಿಂದ ನ್ಯೂಯಾರ್ಕಿಗೆ ವಲಸೆ ಬಂದ ಸ್ತಾಥೊಪೌಲೊ ಎಂಬ ಗ್ರೀಕ್ ಕುಟುಂಬ. ಮ್ಯಾನ್‌ಹಟನ್‌ನ ಕೆನ್‌ಮೇರ್ ಬೀದಿಯಲ್ಲಿ 1932ರಿಂದ 1964ರಲ್ಲಿ ಸಾಯುವವರೆಗೆ ಪುಟ್ಟ ಅಂಗಡಿಯೊಂದರಲ್ಲಿ ಕುಳಿತು 1,164 ಗಿಟಾರ್ ಮಾಡಿದ ಜಾನ್ ಡಿ'ಏಂಜೆಲಿಕೊ ಇಟಲಿ ಮೂಲದವರು. ಅವರ ಕೈಕೆಳಗೆ ಹುಡುಗನಾಗಿ ಸೇರಿ, ಮುಂದೆ ಅವರಷ್ಟೇ ಹೆಸರಾದ ಜೇಮ್ಸ್ ಡಿ'ಅಕ್ವಿಸ್ಟೊ ಕೂಡ ಇಟಲಿಯವರ ಮಗನೇ. ಅಮೆರಿಕದ ಸ್ವಂತ ವಾದ್ಯವೆಂದು ಇಂದು ಹೊಗಳಿಸಿಕೊಳ್ಳುವ ಇದರ ಹಿಂದೆ ಪರದೇಶದಿಂದ ಬಂದ ಕೈಗಳು ಎಷ್ಟೊಂದಿವೆ!

ನುಡಿಸಿದವರ ಕಥೆ ಇನ್ನೂ ಸೋಜಿಗದ್ದು. ಫಿಲಡೆಲ್ಫಿಯಾದ ಇಟಾಲಿಯನ್ ಹುಡುಗ ಎಡ್ಡಿ ಲ್ಯಾಂಗ್ ಗಿಬ್ಸನ್ನಿನ ಆರ್ಚ್‌ಟಾಪನ್ನು ಜಾಝ್‌ನ ಮುಂದಿನ ಸಾಲಿಗೆ ತಂದವರು. 1928 ಮತ್ತು 1929ರಲ್ಲಿ ಅವರು ಕಪ್ಪುಜನಾಂಗದ ಮಹಾನ್ ವಾದಕ ಲಾನಿ ಜಾನ್ಸನ್ ಜೊತೆ ಕೆಲವು ಜೋಡಿ ಧ್ವನಿಮುದ್ರಣ ಮಾಡಿದರು. ಬಿಳಿಯರು ಮತ್ತು ಕರಿಯರು ಒಂದೇ ವೇದಿಕೆಯಲ್ಲಿ ಕೂರುವಂತಿರಲಿಲ್ಲ. ರೆಕಾರ್ಡುಗಳೂ ಬಣ್ಣ ನೋಡಿ ಬೇರೆ ಬೇರೆ ಮಾರಾಟವಾಗುತ್ತಿದ್ದ ಕಾಲ. ಹಾಗಾಗಿ ಆ ರೆಕಾರ್ಡುಗಳ ಮೇಲೆ ಲ್ಯಾಂಗ್ ಹೆಸರಿರಲಿಲ್ಲ. ಕಪ್ಪು ಬ್ಲೂಸ್ ಗಾಯಕನೊಬ್ಬನ ಹೆಸರಿನಂತೆ ಕೇಳುವ 'ಬ್ಲೈಂಡ್ ವಿಲ್ಲಿ ಡನ್' ಎಂಬ ಕಲ್ಪಿತ ಹೆಸರಿತ್ತು. ಅವುಗಳಲ್ಲೊಂದಾದ 'ಎ ಹ್ಯಾಂಡ್‌ಫುಲ್ ಆಫ್ ರಿಫ್ಸ್' ಕೇಳಿ ನೋಡಿ. ಜಾನ್ಸನ್ ಮೇಲೆ ಹಾರುತ್ತಾರೆ, ಲ್ಯಾಂಗ್ ಕೆಳಗೆ ನೆಲ ಹಾಸುತ್ತಾರೆ. ಒಬ್ಬರ ತಂತಿ ಇನ್ನೊಬ್ಬರ ತಂತಿಗೆ ದಾರಿ ಬಿಡುತ್ತದೆ. ಹೊರಗಿನ ಸಮಾಜ ಒಪ್ಪದ ಮಾತುಕತೆಯನ್ನು ಎರಡು ಗಿಟಾರ್‌ಗಳು ಒಂದು ಕೋಣೆಯಲ್ಲಿ ನಡೆಸಿದ್ದವು. ಲ್ಯಾಂಗ್ 1933ರಲ್ಲಿ, 30ರ ಪ್ರಾಯದಲ್ಲೇ ತೀರಿಕೊಂಡರು.

ಆಮೇಲೆ ಬಂದದ್ದು ಪಿಕಪ್. ತಂತಿಗಳ ಕೆಳಗೆ ಕೂರುವ, ಸುರುಳಿ ಸುತ್ತಿದ ಅಯಸ್ಕಾಂತ ಅದು. ಉಕ್ಕಿನ ತಂತಿ ಮಿಡಿದಾಗ ಅಲ್ಲಿ ವಿದ್ಯುತ್ತಿನ ಅಲೆ ಹುಟ್ಟಿ, ವೈರಿನ ಮೂಲಕ ಆಂಪ್ಲಿಫೈಯರಿಗೆ ಹೋಗುತ್ತದೆ. 1936ರಲ್ಲಿ ಗಿಬ್ಸನ್ ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು. 1939ರಲ್ಲಿ ಒಕ್ಲಹೋಮಾದಲ್ಲಿ ಬೆಳೆದ ಚಾರ್ಲಿ ಕ್ರಿಶ್ಚಿಯನ್ ಎಂಬ ಕಪ್ಪು ತರುಣ ಅದನ್ನು ಹಿಡಿದು ಬೆನ್ನಿ ಗುಡ್‌ಮನ್ ತಂಡ ಸೇರಿದ. ಅದೇ ವರ್ಷದ ಡಿಸೆಂಬರಿನಲ್ಲಿ 'ಡೌನ್ ಬೀಟ್' ಪತ್ರಿಕೆಯಲ್ಲಿ ಅವನ ಹೆಸರಿನಲ್ಲಿ ಒಂದು ಲೇಖನ ಬಂತು. ಗಿಟಾರಿನವರೇ, ಎಚ್ಚೆತ್ತುಕೊಳ್ಳಿ, ವಿದ್ಯುತ್ತಿಗೆ ಜೋಡಿಸಿ, ಜನರಿಗೆ ನಿಮ್ಮನ್ನು ಕೇಳಿಸಿಕೊಳ್ಳಲು ಬಿಡಿ ಎಂಬುದು ಅದರ ತಾತ್ಪರ್ಯ. 1942ರಲ್ಲಿ ಕ್ಷಯರೋಗದಿಂದ ಸತ್ತಾಗ ಅವನಿಗೆ 25 ವರ್ಷ. ಅಷ್ಟರಲ್ಲೇ ಗಿಟಾರಿನ ಚರಿತ್ರೆಯನ್ನು ಎರಡು ಭಾಗ ಮಾಡಿ ಹೋಗಿದ್ದ.

ಪಿಕಪ್ ಇಲ್ಲದ ಗಿಟಾರನ್ನು ಹೊಗಳುವವರು ಮೊದಲು ಕ್ರಿಶ್ಚಿಯನ್‌ನಿಗೆ ಉತ್ತರ ಹೇಳಬೇಕು. ಹಿಂದಿನ ಸಾಲಿನಲ್ಲಿ ಕುಳಿತು ಯಾರಿಗೂ ಕೇಳಿಸದೆ ತಾಳ ಹಿಡಿಯುವ ಕೆಲಸದಿಂದ ಗಿಟಾರ್ ವಾದಕನನ್ನು ಬಿಡುಗಡೆ ಮಾಡಿದ್ದು ವಿದ್ಯುತ್ತು. ದನಿಯಿಲ್ಲದವನಿಗೆ ದನಿ ಬಂದಾಗ, "ನೀನು ಮೊದಲಿನಂತೆ ಮೆಲ್ಲಗೇ ಇದ್ದರೆ ಚೆನ್ನಿತ್ತು" ಎನ್ನುವುದು ಸೌಂದರ್ಯಪ್ರಜ್ಞೆಯಲ್ಲ, ಅದು ಯಜಮಾನಿಕೆಯ ಮಾತು. ಈ ಎಚ್ಚರವಿಲ್ಲದೆ ಹಳೆಯ ನಾದದ ಹಂಬಲಕ್ಕೆ ಬಿದ್ದರೆ ನಾವು ತಪ್ಪು ಜಾಗದಲ್ಲಿ ನಿಲ್ಲುತ್ತೇವೆ.

ಆದರೆ ಆ ದನಿಗಾಗಿ ವಾದ್ಯ ಕೊಟ್ಟ ಬೆಲೆಯೂ ಸಣ್ಣದಲ್ಲ. ತೆಳುವಾಗಿ ಕೆತ್ತಿದ ಮುಖ ಆಂಪ್ಲಿಫೈಯರಿನ ಮುಂದೆ ತಾನೇ ನಡುಗಿ ಗುಂಯ್ ಎಂದು ಕಿರುಚತೊಡಗಿತು. ಅದನ್ನು ಸುಮ್ಮನಾಗಿಸಲು ಮುಖವನ್ನು ದಪ್ಪ ಮಾಡಿದರು. 1949ರ ಇಎಸ್-175ರಲ್ಲಿ ಕೆತ್ತನೆಯನ್ನೇ ಬಿಟ್ಟು ಪ್ಲೈವುಡ್ಡಿನಂತೆ ಪದರ ಅಂಟಿಸಿದ ಮರವನ್ನು ಅಚ್ಚಿನಲ್ಲಿ ಬಗ್ಗಿಸಿದರು. 1951ರಲ್ಲಿ ಎಲ್-5 ಮತ್ತು ಸೂಪರ್ 400ರ ಮುಖವನ್ನೇ ಕೊರೆದು ಪಿಕಪ್ ಕೂರಿಸಿದ ಮಾದರಿಗಳು ಬಂದವು. ಕಂಚಿನ ಸುತ್ತಿನ ತಂತಿಗೆ ಅಯಸ್ಕಾಂತ ಸರಿಯಾಗಿ ಓಗೊಡುವುದಿಲ್ಲವಾದ್ದರಿಂದ ನಿಕಲ್ ಸುತ್ತಿನ ತಂತಿ ಬಂತು. ಅದು ಮರದಲ್ಲಿ ಹುಟ್ಟಿಸುವ ನಾದ ಮಂಕು. ಇದರ ಅರ್ಥ ವಿದ್ಯುತ್ ಗಿಟಾರ್ ಕೀಳು ಎಂದಲ್ಲ. ಅದು ಬೇರೆಯೇ ವಾದ್ಯವಾಯಿತು. ಇಎಸ್-175ರಲ್ಲಿ ಹುಟ್ಟಿದ ಜಾಝ್ ಸಂಗೀತ ತನ್ನದೇ ಘನತೆಯುಳ್ಳದ್ದು. ಒಂದರ ಗೆಲುವು ಇನ್ನೊಂದರ ಸೋಲೆಂದು ತಿಳಿಯುವುದೇ ತಪ್ಪು.

ಹಾಗಿದ್ದರೆ ಪಿಕಪ್ ಇಲ್ಲದ ಆರ್ಚ್‌ಟಾಪನ್ನು ಇಂದಿಗೂ ಕೆಲವರು ಏಕೆ ಹಿಡಿಯುತ್ತಾರೆ? ನಮ್ಮ ಅನುಭವದಿಂದಲೇ ಹೇಳುವುದಾದರೆ, ಉರ್ದು ಶಾಲೆಯಲ್ಲಿ ಖುಷ್‌ಖತ್ ಕಲಿಸುತ್ತಿದ್ದ ಉಸ್ತಾದರು ನಮಗೆ ಬಿದಿರಿನ ಕಲಮು ಕೊಯ್ದುಕೊಟ್ಟಿದ್ದರು. ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಿದ್ದರು. ಕೈ ಹೊರಳಿದಂತೆ ಗೆರೆ ದಪ್ಪವಾಗುತ್ತಿತ್ತು, ತೆಳುವಾಗುತ್ತಿತ್ತು. ಕೈ ನಡುಗಿದರೆ ಗೆರೆಯೂ ನಡುಗುತ್ತಿತ್ತು, ಮುಚ್ಚಿಡಲು ಸಾಧ್ಯವಿರಲಿಲ್ಲ. ಮುಂದೆ ಕನ್ನಡ ಶಾಲೆಗೆ ಬಂದು ಬಾಲ್ ಪೆನ್ ಹಿಡಿದಾಗ ಬರವಣಿಗೆ ವೇಗವಾಯಿತು, ಸುಲಭವಾಯಿತು. ನಮ್ಮ ಕಥೆಗಳೆಲ್ಲ ಬಾಲ್ ಪೆನ್ನಿನವೇ. ಆದರೆ ಗೆರೆ ಎಲ್ಲೆಡೆ ಒಂದೇ ದಪ್ಪವಾಗಿಬಿಟ್ಟಿತು. ಪಿಕಪ್ ಇಲ್ಲದ ಗಿಟಾರ್ ಆ ಕಲಮಿನ ಜಾತಿಗೆ ಸೇರಿದ್ದು. ಮೆಲ್ಲಗೆ ಮೀಟಿದರೆ ಮೆಲ್ಲಗೆ, ಬಿರುಸಾಗಿ ಮೀಟಿದರೆ ಬಿರುಸು. ಕುದುರೆಯ ಹತ್ತಿರ ಮೀಟಿದರೆ ಒರಟು, ದೂರ ಸರಿದರೆ ನಯ. ಸಣ್ಣ ಗುಂಡಿ ತಿರುಗಿಸಿ ಸರಿಪಡಿಸಿಕೊಳ್ಳುವ ಅವಕಾಶ ಇಲ್ಲ. ನುಡಿಸುವವನ ಎದೆಗೆ ತಾಗಿರುವ ಮರದ ಬೆನ್ನು ನಡುಗುವುದು ಅವನಿಗೆ ಕೇಳಿಸುವುದಕ್ಕಿಂತ ಮೊದಲು ಮೈಗೆ ತಿಳಿಯುತ್ತದೆ. ಸ್ವರ ಬೇಗ ಆರಿಹೋಗುವುದರಿಂದ, ಮುಂದಿನ ಸ್ವರವನ್ನು ಯಾವಾಗ ಇಡಬೇಕು ಎಂಬ ತೀರ್ಮಾನವನ್ನು ಪ್ರತಿ ಸಲವೂ ಹೊಸದಾಗಿ ಮಾಡಬೇಕು.

ಈ ತೀರ್ಮಾನದ ಕಲೆಯನ್ನು ಕಾಣಬೇಕಾದರೆ ಮತ್ತೆ ಫ್ರೆಡ್ಡಿ ಗ್ರೀನ್ ಬಳಿಗೇ ಬರಬೇಕು. ನೀಲ್ ಹೆಫ್ಟಿ ರಚಿಸಿದ 'ಲಿಲ್ ಡಾರ್ಲಿನ್' ಎಂಬ ಕೃತಿಯನ್ನು ಬೇಸಿ ವೃಂದ 1957ರಲ್ಲಿ ಧ್ವನಿಮುದ್ರಿಸಿತು. ಅದು ತೀರಾ ವಿಳಂಬ ಗತಿಯ ರಚನೆ. ಅಷ್ಟು ನಿಧಾನದಲ್ಲಿ ಅಷ್ಟು ಜನರ ವೃಂದ ಚದುರದೆ ನಡೆಯುವುದು ಕಷ್ಟ. ಅಲ್ಲಿ ಗಿಟಾರಿನ ಕಡೆಗೆ ಕಿವಿಗೊಡಿ. ಒಂದು ಮಾತ್ರೆಗೆ ಒಂದು ಮೀಟು, ಅಷ್ಟೇ. ಆರು ತಂತಿಗಳಿದ್ದರೂ ಗ್ರೀನ್ ಹಲವು ವೇಳೆ ಎರಡು ಮೂರು ತಂತಿಗಳನ್ನಷ್ಟೇ ಒತ್ತುತ್ತಿದ್ದರು; ಅದರಲ್ಲೂ ಒಂದೇ ಸ್ವರ ಮುಂದೆ ಬರುವಂತೆ ಮೀಟುತ್ತಿದ್ದರು. ಸದ್ದು ಹೆಚ್ಚಲೆಂದು ತಂತಿಗಳನ್ನು ಮೆಟ್ಟಿಲುಗಳಿಂದ ಬಹಳ ಎತ್ತರಕ್ಕೆ ಏರಿಸಿಕೊಂಡಿದ್ದರು. ಅದನ್ನು ಒತ್ತಲು ಬೆರಳಿಗೆ ಬೇಕಾದ ಕಸುವು ಸಾಮಾನ್ಯದ್ದಲ್ಲ. ಹಿತ್ತಾಳೆ ವಾದ್ಯಗಳು ಎದ್ದಾಗ ಗಿಟಾರ್ ಕಾಣೆಯಾಗುತ್ತದೆ, ಅವು ಇಳಿದಾಗ ಅಲ್ಲೇ ಇರುತ್ತದೆ. ಗೋಡೆ ಕಟ್ಟಿದ ಮೇಲೆ ಅಡಿಪಾಯ ಕಾಣುವುದಿಲ್ಲ, ಹಾಗೆಂದು ಅದನ್ನು ತೆಗೆದು ನೋಡಿ! ಹಿಂದೊಮ್ಮೆ ಗ್ರೀನ್ ಆಂಪ್ಲಿಫೈಯರ್ ತಂದಾಗ ವೃಂದದ ಗೆಳೆಯರೇ ಅದನ್ನು ಕೆಡಿಸಿ ಇಟ್ಟರೆಂಬ ಕಥೆ ಜಾಝ್ ವಲಯದಲ್ಲಿದೆ. ನಿಜವೋ ಕಟ್ಟುಕಥೆಯೋ, ಅದರ ಒಳಾರ್ಥ ಸ್ಪಷ್ಟ. ಗಿಟಾರ್ ದೊಡ್ಡದಾಗಿ ಕೇಳಿಸಿದರೆ ತಮ್ಮ ಕಾಲ ಕೆಳಗಿನ ನೆಲ ಹೋಗುತ್ತದೆ ಎಂಬುದು ಉಳಿದವರಿಗೆ ಗೊತ್ತಿತ್ತು.

ಇದು ಮುಗಿದುಹೋದ ಕಾಲದ ಮಾತಲ್ಲ. ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಎಂಬ ಜೋಡಿಯ 2001ರ 'ಟೈಮ್ (ದಿ ರೆವಲೇಟರ್)' ಎಂಬ ಆಲ್ಬಂ ನ್ಯಾಶ್‌ವಿಲ್‌ನ ಹಳೆಯ ಆರ್‌ಸಿಎ ಸ್ಟುಡಿಯೋ ಬಿಯಲ್ಲಿ ತಯಾರಾಯಿತು. ವೆಲ್ಚ್ ಕೈಯಲ್ಲಿ ಸಪಾಟು ಮುಖದ ಗಿಟಾರ್, ರಾಲಿಂಗ್ಸ್ ಕೈಯಲ್ಲಿ 1935ರ ಎಪಿಫೋನ್ ಒಲಿಂಪಿಕ್. ಒಲಿಂಪಿಕ್ ಎಂದರೆ ಸೂಪರ್ 400ರ ಹಾಗೆ ರಾಜವೈಭವದ್ದಲ್ಲ. ಆ ಕಂಪೆನಿಯ ಚಿಕ್ಕ, ಅಗ್ಗದ ಮಾದರಿ. ಮಂದ್ರ ಕಡಿಮೆ, ನಡುವಿನ ಸ್ವರಗಳೇ ಹೆಚ್ಚು, ನಾದ ಒಣಗಿದ್ದು. ಈ ಕೊರತೆಯನ್ನೇ ರಾಲಿಂಗ್ಸ್ ಬಳಸಿಕೊಳ್ಳುತ್ತಾರೆ. ವೆಲ್ಚ್ ಗಿಟಾರಿನ ಅಗಲವಾದ ನಾದದ ಮೇಲೆ ಅವರ ಸ್ವರಗಳು ಕಲ್ಲುಚೂರುಗಳಂತೆ ಬಿಡಿಬಿಡಿಯಾಗಿ ಬೀಳುತ್ತವೆ. ಹಾಡಿನ ನೋವಿರುವಲ್ಲಿ ಬೇಕೆಂದೇ ಒಂದು ಹೊಂದದ ಸ್ವರದ ಮೇಲೆ ನಿಲ್ಲುತ್ತಾರೆ. 14 ನಿಮಿಷ ಮೀರಿದ ಕೊನೆಯ ಹಾಡಿನಲ್ಲಿ ಅಲಂಕಾರವೇನೂ ಇಲ್ಲ, ಬೇಸರವೂ ಇಲ್ಲ. ನಮ್ಮದೊಂದು ಆಕ್ಷೇಪ ಇದ್ದರೆ, ಕೆಲವೆಡೆ ಈ ನಿಧಾನ ಒಂದು ಶೈಲಿಯಾಗಿ ಗಟ್ಟಿಯಾಗಿಬಿಡುತ್ತದೆ ಎಂಬುದು. ಆದರೂ ಅಗ್ಗದ ವಾದ್ಯದಿಂದ ಇಷ್ಟು ದುಬಾರಿ ಮೌನ ಹುಟ್ಟಿಸಿದ್ದು ಸಾಮಾನ್ಯ ಸಾಧನೆಯಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಗ್ರೀನ್, ಲ್ಯಾಂಗ್, ರಾಲಿಂಗ್ಸ್ ಇವರೆಲ್ಲ ನಮ್ಮನ್ನು ತಲುಪಿರುವುದು ಮೈಕ್ರೋಫೋನಿನ ಮೂಲಕವೇ. ಆದ್ದರಿಂದ ವಿದ್ಯುತ್ತಿನ ಸೋಂಕಿಲ್ಲದ ಶುದ್ಧ ನಾದ ಎಂಬ ಮಾತೇ ಪೊಳ್ಳು. ವ್ಯತ್ಯಾಸವಿರುವುದು ಬೇರೆ ಕಡೆ. ಪಿಕಪ್ ತಂತಿಯ ಮಿಡಿತವನ್ನು ಮಾತ್ರ ಕೇಳುತ್ತದೆ. ಮೈಕ್ ಗಾಳಿಯನ್ನು ಕೇಳುತ್ತದೆ. ಮರವನ್ನು, ಬೆರಳು ಜಾರಿದ್ದನ್ನು, ಕೋಣೆಯ ಗೋಡೆಯನ್ನು, ಪಕ್ಕದವನ ಉಸಿರನ್ನು ಕೂಡ. ಶುದ್ಧತೆಯ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನೂ ಮರೆಯಬಾರದು. ಕುಣಿತದ ಮನೆಗಳಲ್ಲಿ ಕೂಲಿಗೆ ನುಡಿಸುವವರ ಉಪಕರಣವಾಗಿದ್ದದ್ದು ಇಂದು ಸಿರಿವಂತರ ಗಾಜಿನ ಬೀರುವಿನಲ್ಲಿದೆ. 1990ರ ದಶಕದಲ್ಲಿ ಅಮೆರಿಕದ ಸಂಗ್ರಾಹಕ ಸ್ಕಾಟ್ ಚಿನರಿ 22 ಮಂದಿ ತಯಾರಕರಿಂದ ಒಂದೊಂದು ನೀಲಿ ಬಣ್ಣದ ಆರ್ಚ್‌ಟಾಪ್ ಮಾಡಿಸಿದ. ಕೆಲಸಗಾರಿಕೆಯ ದೃಷ್ಟಿಯಿಂದ ಅವು ಅದ್ಭುತ. ಆದರೆ ವಾದ್ಯದ ಜೀವ ಗಾಜಿನೊಳಗಿಲ್ಲ. ಬೆವರಿನ ಕೈ ತಾಗದ ಗಿಟಾರ್ ಒಂದು ಪೀಠೋಪಕರಣ ಅಷ್ಟೇ.

ನಮ್ಮ ದೇಶಕ್ಕೂ ಈ ವಾದ್ಯಕ್ಕೂ ಒಂದು ನಂಟಿದೆ. ಅಲಿ ಅಕ್ಬರ್ ಖಾನರ ಶಿಷ್ಯ ಬ್ರಿಜ್‌ಭೂಷಣ್ ಕಾಬ್ರಾ ಗಿಬ್ಸನ್ ಸೂಪರ್ 400 ಆರ್ಚ್‌ಟಾಪನ್ನು ತೊಡೆಯ ಮೇಲೆ ಮಲಗಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಜೊತೆಗಿನ 1967ರ 'ಕಾಲ್ ಆಫ್ ದಿ ವ್ಯಾಲಿ' ಕನ್ನಡಿಗರ ಮನೆಗಳಲ್ಲೂ ಕೇಳಿದ ರೆಕಾರ್ಡು. ಜೈಪುರದ ವಿಶ್ವಮೋಹನ್ ಭಟ್ಟರ ಮೋಹನವೀಣೆ ಕೂಡ ಆರ್ಚ್‌ಟಾಪ್ ಗಿಟಾರಿಗೆ ತರಬ್ ತಂತಿಗಳನ್ನು ಸೇರಿಸಿ ಮಾಡಿಕೊಂಡದ್ದೇ. ರೈ ಕೂಡರ್ ಜೊತೆ ಅವರು ನುಡಿಸಿದ 'ಎ ಮೀಟಿಂಗ್ ಬೈ ದಿ ರಿವರ್' 1994ರಲ್ಲಿ ಗ್ರಾಮಿ ಪ್ರಶಸ್ತಿ ಪಡೆಯಿತು. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಒಂದು ಪ್ರಾರ್ಥನಾಮಂದಿರದಲ್ಲಿ ನಡೆದ ಆ ಧ್ವನಿಮುದ್ರಣಕ್ಕೆ ಸ್ವಲ್ಪ ಮುಂಚೆಯಷ್ಟೇ ಇಬ್ಬರೂ ಮೊದಲ ಸಲ ಭೇಟಿಯಾಗಿದ್ದರು. ಒಬ್ಬರು ನುಡಿಸುವಾಗ ಇನ್ನೊಬ್ಬರು ಎಷ್ಟು ಕಿವಿಯಾಗಿದ್ದಾರೆ ಎಂಬುದು ಅಲ್ಲಿ ಕೇಳಿಸುತ್ತದೆ. ನಮ್ಮ ವೀಣೆಯೂ ಈಗ ಕಚೇರಿಗಳಲ್ಲಿ ಹಲವು ವೇಳೆ ಒಡಲಿಗೆ ಅಂಟಿಸಿದ ಕಾಂಟ್ಯಾಕ್ಟ್ ಮೈಕಿನಿಂದಲೇ ಮಾತಾಡುತ್ತದೆ. ಮೃದಂಗದ ಪಕ್ಕದಲ್ಲಿ ಬೇರೆ ದಾರಿ ಏನಿದೆ ಎಂದು ಕೇಳಬಹುದು. ದಾರಿ ಇದೆ, ಆದರೆ ಅದು ವೈಣಿಕರ ಕೈಯಲ್ಲಿಲ್ಲ, ಮೃದಂಗದವರ ಕೈಯಲ್ಲಿದೆ, ಸಭಾಂಗಣದ ಕೈಯಲ್ಲಿದೆ, ನಮ್ಮ ಕಿವಿಯಲ್ಲಿದೆ.

ಪಿಕಪ್ ಇಲ್ಲದ ಗಿಟಾರ್ ಹೇಳುವ ಮುಖ್ಯ ಮಾತು ಇದೇ ಎಂದು ನಮಗೆ ಅನ್ನಿಸುತ್ತದೆ. ಅದು ಒಬ್ಬಂಟಿಯಾಗಿ ಕೇಳಿಸಲಾರದು. ಕೇಳಿಸಬೇಕಾದರೆ ಉಳಿದವರು ಸ್ವಲ್ಪ ತಗ್ಗಬೇಕು. ಫ್ರೆಡ್ಡಿ ಗ್ರೀನ್ 50 ವರ್ಷ ನುಡಿಸಿದರು ಎಂದರೆ, 50 ವರ್ಷ ಒಂದು ಇಡೀ ವೃಂದ ಅವರಿಗೆ ಜಾಗ ಬಿಟ್ಟಿತು ಎಂದೂ ಅರ್ಥ. ಚಾರ್ಲಿ ಕ್ರಿಶ್ಚಿಯನ್ ಕೇಳಿದ್ದು ದನಿಯ ಹಕ್ಕನ್ನು, ಗ್ರೀನ್ ನಂಬಿದ್ದು ಕೇಳಿಸಿಕೊಳ್ಳುವವರ ಹೊಣೆಯನ್ನು. ಯಾವ ಸಮಾಜಕ್ಕೂ ಎರಡೂ ಬೇಕು. ಆದರೆ ನಾವು ಬದುಕುತ್ತಿರುವ ಕಾಲದಲ್ಲಿ ಎಲ್ಲರ ಬಳಿಯೂ ಆಂಪ್ಲಿಫೈಯರ್ ಇದೆ. ಟಿವಿ ಚರ್ಚೆಯಲ್ಲಿ, ಸಭೆಯಲ್ಲಿ, ಬೀದಿಯಲ್ಲಿ, ಅಂಗೈಯ ಫೋನಿನಲ್ಲಿ ಗುಂಡಿ ತಿರುಗಿಸುವುದಷ್ಟೇ ಉಳಿದಿದೆ. ಮೊದಲನೆಯದು ಹೇಗೋ ನಡೆಯುತ್ತಿದೆ, ಎರಡನೆಯದನ್ನು ಮರೆಯುತ್ತಿದ್ದೇವೆ. ದನಿ ಏರಿಸಲಾಗದವರು, ಏರಿಸಲು ಹೆದರುವವರು, ಏರಿಸುವುದು ತಮ್ಮ ಸ್ವಭಾವವಲ್ಲ ಎಂದುಕೊಂಡವರು ನಮ್ಮ ನಡುವೆ ಈಗಲೂ ಇದ್ದಾರೆ. ಅವರಿಗೆಲ್ಲ ಪಿಕಪ್ ಕೊಡಿಸುವುದು ಒಂದು ದಾರಿ. ಇನ್ನೊಂದು ದಾರಿಯನ್ನು ನಮ್ಮ ಸೋದರಳಿಯ ಅಂದು ತೋರಿಸಿದ್ದ. ಸ್ವಲ್ಪ ಸೆಕೆಯಾದರೂ ಪರವಾಗಿಲ್ಲ, ಎದ್ದು ಹೋಗಿ ಫ್ಯಾನ್ ಆರಿಸಬೇಕು.